ಹನ್ನೊಂದನೇ ಹೆಜ್ಜೆ

ಯಾರಾದರೂ ಹೊಗಳಿದರೆ ನಾನು ಎರಡು ದಿನ ನೆಲದ ಮೇಲೆ ಕಾಲಿಡುವುದಿಲ್ಲ. ಇದು ನನ್ನ ದೌರ್ಬಲ್ಯ. ಬಿಡುವ ಯೋಚನೆಯೂ ಇಲ್ಲ. ಹಾಗಾಗಿ ಆ ಶನಿವಾರ ಕೃಷ್ಣಕುಮಾರ್ ಸರ್ ‘ಕೋಮಲ, ನಿಮ್ಮ ಕೆಲಸವನ್ನು ಸೇರಿಸಿಕೊಂಡಿದ್ದೇನೆ, ಒಂದೇ ಒಂದು ತಪ್ಪೂ ಕಾಣಲಿಲ್ಲ’ ಎಂದು ಬರೆದಾಗ ಅದನ್ನು ಅಪ್ಪನಿಗೆ ಮೂರು ಸಲ ಓದಿ ಹೇಳಿದೆ. ಮೂರನೇ ಸಲ ಅಪ್ಪ ರೇಡಿಯೋದ ಸದ್ದು ಜೋರು ಮಾಡಿದ.

ಕೃಷ್ಣಕುಮಾರ್ ಸರ್ ನಂಜನಗೂಡಿನವರು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ, ಕನ್ನಡದ ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಂ ಬರೆಯಲಿ ಎಂದು ‘ಎಣಿಕೆ’ ಅನ್ನುವ ಭಾಷೆ ಕಟ್ಟಿದವರು. ನಾನು ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ನನ್ನ ಒಂಬತ್ತನೇ ಕ್ಲಾಸಿನವರು ಎಣಿಕೆಯಲ್ಲಿ ಪೂರ್ಣ ಸಂಖ್ಯೆಗಳನ್ನು ಕೂಡಿ ಕಳೆದು ಬೇಸತ್ತು, ‘ಮಿಸ್, ಇದಕ್ಕೆ ಪಾಯಿಂಟ್ ಲೆಕ್ಕ ಬರಲ್ವಾ?’ ಎಂದು ಕೇಳಿದ್ದರು. ಬರುತ್ತಿರಲಿಲ್ಲ. ಅದಕ್ಕೇ ಎಂಟು ತಿಂಗಳು ಕೂತು ವರ್ಗಮೂಲ, ಸೈನ್, ಕಾಸ್ ಎಲ್ಲವನ್ನೂ ನಾನೇ ಬರೆದೆ. ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲಿ ಅವು ಸೇರಬೇಕಿತ್ತು. ಭಾನುವಾರ ಸಂಜೆ ಆರಕ್ಕೆ ಹೊಸ ಆವೃತ್ತಿ ಬಿಡುಗಡೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅಷ್ಟರಲ್ಲಿ ಆ ಮಕ್ಕಳು ನನ್ನ ಕೈ ದಾಟಿ ಹೋಗಿರುತ್ತಾರೆ.

ನಾನು ಬರೆದವುಗಳಲ್ಲಿ ನನಗೆ ಮುದ್ದಿನದು ‘ಹೆಜ್ಜೆ’. ಎಲ್ಲಿಂದ ಹೊರಡಬೇಕು, ಎಲ್ಲಿ ಮುಟ್ಟುವ ಮುಂಚೆ ನಿಲ್ಲಬೇಕು, ಒಂದೊಂದು ಹೆಜ್ಜೆ ಎಷ್ಟು ಎಂದು ಹೇಳಿದರೆ ಸಾಕು, ನಡುವಿನ ಬಿಂದುಗಳನ್ನೆಲ್ಲ ಸಾಲಾಗಿ ಕೊಡುತ್ತದೆ. ಗ್ರಾಫ್ ಬರೆಯಲು ಅದಿಲ್ಲದೆ ಆಗದು. ಅದನ್ನು ಪರೀಕ್ಷಿಸಲು ಲೆಕ್ಕಗಳು ಬೇಕಾದಾಗ ಅಪ್ಪನ ಹಳೆಯ ನೋಟ್‌ಬುಕ್ ತೆಗೆದೆ. ಅಪ್ಪ ಮರಿಯಯ್ಯ ಸರ್ವೆಯರ್ ಆಗಿ ನಿವೃತ್ತನಾದವನು. ಅವನ ಅಳತೆಯ ಚೈನಿಗೆ ಮೂವತ್ತಮೂರು ಅಡಿ, ಅದರಲ್ಲಿ ಹದಿನಾರು ಸಮಪಾಲು, ಒಂದೊಂದು ಪಾಲು ಒಂದು ಆಣೆ. ಅರ್ಧ ಚೈನು, ಕಾಲು ಚೈನು, ಮೂರಾಣೆ, ಐದಾಣೆ... ನೋಟ್‌ಬುಕ್ಕಿನಿಂದ ಅರವತ್ತು ಲೆಕ್ಕ ಹೆಕ್ಕಿ ಹಾಕಿದೆ. ಅರವತ್ತೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಪಾಸಾದವು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನದು ಹೆಗ್ಗಣವೇ ಅಲ್ಲ, ಮೊಲ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ಕೂತಿದ್ದಾಗ ಅಪ್ಪ ಕೇಳಿದ:

“ಎಲ್ಲಾ ಆಣೆ ಲೆಕ್ಕವೇ ಆಕಿದ್ದೀಯಲ್ಲಮ್ಮಿ. ಈಗ್ನೋರು ಮೀಟ್ರಲ್ಲಿ ಅಳೀತಾರೆ. ಪಾಯಿಂಟ್ ಒಂದು, ಪಾಯಿಂಟ್ ಎರಡು ಅಂತಾರೆ. ಅದ್ನ ಆಕಿ ನೋಡ್ದ?”

“ಅಪ್ಪಾ, ಅರವತ್ತು ಲೆಕ್ಕ ಸರಿ ಬಂದದೆ. ಅರವತ್ತೊಂದನೇದು ಯಾಕೆ ತಪ್ಪು ಬತ್ತದೆ?” ಎಂದು ರೇಗಿದೆ. ಬಾಯಿ ಮುಚ್ಚಿಸೋಣ ಎಂದೇ ಲ್ಯಾಪ್‌ಟಾಪ್ ತೆರೆದು ಹಾಕಿದೆ: ಸೊನ್ನೆಯಿಂದ ಹೊರಡು, ಒಂದು ಮುಟ್ಟುವ ಮುಂಚೆ ನಿಲ್ಲು, ಹೆಜ್ಜೆ ಹತ್ತನೇ ಒಂದು. ಹತ್ತು ಬಿಂದು ಬರಬೇಕು.

ಹನ್ನೊಂದು ಬಂತು.

ಇಂಗು ತಿಂದ ಮಂಗನ ಹಾಗೆ ಕೂತೆ. ಕಾರಣ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಕಂಪ್ಯೂಟರು ಭಿನ್ನಗಳನ್ನು ಅರ್ಧ, ಅರ್ಧದಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ ಎಂದು ಒಡೆದೇ ಇಟ್ಟುಕೊಳ್ಳುವುದು. ಹದಿನಾರರಲ್ಲಿ ಒಂದಾದ ಆಣೆ ಅದಕ್ಕೆ ಸಲೀಸು. ಹತ್ತರಲ್ಲಿ ಒಂದು ಮಾತ್ರ ಅದರ ಕೈಗೆ ಸರಿಯಾಗಿ ಸಿಗದು, ಒಂದಿಷ್ಟು ಆಚೀಚೆ ಆಗುತ್ತದೆ. ನಾನು ಹಿಂದಿನ ಬಿಂದುವಿಗೆ ಹೆಜ್ಜೆ ಕೂಡಿಸುತ್ತಾ ಹೋಗಿದ್ದೆ. ಹತ್ತು ಸಲ ಕೂಡಿಸುವಷ್ಟರಲ್ಲಿ ಆ ವ್ಯತ್ಯಾಸ ಬೆಳೆದು, ಮೊತ್ತ ಒಂದಕ್ಕಿಂತ ತುಸುವೇ ಕಡಿಮೆಯಾಗಿ, ಇನ್ನೊಂದು ಬಿಂದುವಿಗೆ ಜಾಗ ಬಿಟ್ಟಿತ್ತು. ಅಪ್ಪನ ಆಣೆಗಳು ನನ್ನ ತಪ್ಪಿನ ಮೇಲೆ ಕಂಬಳಿ ಹೊದಿಸಿದ್ದವು.

ಗಂಟೆ ಎರಡೂವರೆ. ಸರ್ ಒಪ್ಪಿ ಆಗಿತ್ತು. ಈಗ ಹೇಳಿದರೆ ಎಲ್ಲವನ್ನೂ ಕಿತ್ತು ಮುಂದಿನ ವರ್ಷಕ್ಕೆ ಎನ್ನಬಹುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು, ಆಮೇಲೆ ಮೆಲ್ಲಗೆ ಸರಿಮಾಡಿದರಾಯಿತು. ಸುಳ್ಳೇಕೆ, ಅರ್ಧ ಗಂಟೆ ಸುಮ್ಮನಿರುವ ಕಡೆಗೇ ಮನಸ್ಸು ವಾಲಿತ್ತು. ಆ ಹೊಗಳಿಕೆ ಕಳೆದುಕೊಳ್ಳಲು ನಿಜವಾಗಿ ಇಷ್ಟವಿರಲಿಲ್ಲ.

“ಹೇಳ್ಲಾ ಅಪ್ಪಾ? ಬೇಡ್ವಾ?”

ಅಪ್ಪ ಎದ್ದ. ಟವೆಲ್ ಹೆಗಲಿಗೆ ಹಾಕಿಕೊಂಡು ಜಗಲಿಗೆ ಹೋದ.

ಕೋಪ ಬಂತು. ಆ ಕೋಪದಲ್ಲೇ ಸರ್‌ಗೆ ಬರೆದೆ: ‘ಹೆಜ್ಜೆಯಲ್ಲಿ ತಪ್ಪಿದೆ. ನನ್ನ ಪರೀಕ್ಷೆಗಳೆಲ್ಲ ಆಣೆ ಲೆಕ್ಕದವು, ಅವುಗಳಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಬೇಕಾದರೆ ಎಲ್ಲವನ್ನೂ ತೆಗೆದುಬಿಡಿ.’

ಐದೇ ನಿಮಿಷಕ್ಕೆ ಸರ್ ಫೋನು ಮಾಡಿದರು. “ನಾನೂ ನೋಡಿ ಒಪ್ಪಿದ್ದೆ ಕಣಮ್ಮ, ತಪ್ಪಲ್ಲಿ ನನಗೂ ಪಾಲಿದೆ. ಆರರವರೆಗೆ ಟೈಮಿದೆ, ಸರಿಮಾಡ್ತೀರಾ?”

ಮಾಡಿದೆ. ಮೊದಲು ಎಷ್ಟು ಹೆಜ್ಜೆ ಎಂದು ಎಣಿಸಿಕೊಳ್ಳುವುದು. ಆಮೇಲೆ ಪ್ರತಿ ಬಿಂದುವನ್ನೂ ಹೊರಟ ಜಾಗದಿಂದಲೇ ಗುಣಿಸಿ ಪಡೆಯುವುದು. ಹಿಂದಿನ ಬಿಂದುವನ್ನು ನಂಬುವಂತಿಲ್ಲ. ಹತ್ತನೇ ಒಂದರ ಲೆಕ್ಕಗಳನ್ನೂ ಪರೀಕ್ಷೆಗೆ ಸೇರಿಸಿದೆ. ಐದೂ ಮುಕ್ಕಾಲಿಗೆ ಸರ್ ‘ಸೇರಿಸಿದೆ’ ಎಂದಷ್ಟೇ ಬರೆದರು. ಹೊಗಳಿಕೆಯ ಒಂದಕ್ಷರವೂ ಇರಲಿಲ್ಲ. ಆದರೂ ಶನಿವಾರಕ್ಕಿಂತ ಹೆಚ್ಚು ಖುಷಿಯಾಯಿತು, ಯಾಕೋ.

ಜಗಲಿಗೆ ಹೋಗಿ ಹೇಳಿದೆ. ಅಪ್ಪ ಬೀದಿಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದ.

“ಒಪ್ಕೊಂಡ್‌ಬುಟ್ಟಾ?”

“ಒಪ್ಕೊಂಡೆ.”

“ಆಗ ಕೇಳ್ದಲ್ಲ, ನಂಗೆ ಉತ್ರ ಬಾಯಿಗೆ ಬರ್ನಿಲ್ಲ ಕಣಮ್ಮಿ. ಒಳೆ ಆಚೆ ಒಂದೂರಲ್ಲಿ ಒಂದ್ ಎಲ್ಲೆ ಕಲ್ಲ ಒಂದಾಣೆ ಪಕ್ಕಕ್ಕೆ ನೆಡಿಸ್ಬುಟ್ಟಿದ್ದೆ. ಎರಡಡಿ. ಮನೆಗ್ ಬಂದ್ಮೇಲೆ ಗೊತ್ತಾಯ್ತು. ನಾಳೆ ಏಳಾವ, ನಾಡಿದ್ದು ಏಳಾವ ಅಂತ ಇಪ್ಪತ್ತೆಂಟು ವರ್ಸ ಆಯ್ತು. ಕಲ್ಲು ಇನ್ನೂ ಅಲ್ಲೇ ಅದೆ.”

ಜೀವಮಾನದಲ್ಲೆಲ್ಲ ಅಪ್ಪನ ಲೆಕ್ಕ ತಪ್ಪಿದ್ದನ್ನು ನಾನು ಕೇಳಿರಲಿಲ್ಲ. ಅವನ ಮೇಲೆ ಅಷ್ಟು ಪ್ರೀತಿ ಬಂದದ್ದೂ ಅವತ್ತೇ.

“ಆ ಜಮೀನಿನವ್ರು ಈಗ್ಲೂ ಅಲ್ಲೇ ಅವ್ರಾ?”

“ಅವ್ರೆ. ಒಬ್ಬಮ್ಮ, ವಿಶಾಲಮ್ಮ ಅಂತ. ಎರಡಡಿ ಅವರ್ದೇ ಓಗಿರೋದು.” ಅಪ್ಪ ಎದ್ದು ನಿಂತ. “ನಿಂಗೆ ನಾಳೆ ಇಸ್ಕೂಲ್ ರಜಾ ಆಕೋಕೆ ಆಯ್ತದಾ? ಒಬ್ನೇ ಓದ್ರೆ ಬಾಗ್ಲತ್ರಲೇ ವಾಪಸ್ ಬಂದ್‌ಬುಡ್ತೀನಿ.”