ಅಡ್ಡಗೆರೆ ಕಳೆದುಕೊಂಡ ಅಕ್ಷರ

ನಾನು ಸೀಸದ ಒಂದು ಅಚ್ಚುಮೊಳೆ, ಇಂಗ್ಲಿಷಿನ ಸಣ್ಣ ‘ಇ’. ನಮ್ಮ ಮನೆತನದ ಅಕ್ಷರಗಳಿಗೆಲ್ಲ ಒಂದೇ ಲಕ್ಷಣ: ದಪ್ಪ ಗೆರೆ ತೀರ ದಪ್ಪ, ಸಣ್ಣ ಗೆರೆ ಕೂದಲೆಳೆಯಷ್ಟು ಸಣ್ಣ. ಕಾಗದದ ಮೇಲೆ ನಿಂತರೆ ಬಲು ಠೀವಿ. ಅದಕ್ಕೇ ಮದುವೆ ಕಾರ್ಡಿಗೆ, ಪುಸ್ತಕದ ಹೆಸರಿಗೆ, ಅಂಗಡಿಯ ಪ್ರಾರಂಭೋತ್ಸವಕ್ಕೆ ನಾವೇ ಬೇಕಾಗುತ್ತಿದ್ದೆವು.

ನಾನು ಬಂದು ಸೇರಿದ್ದು ಗದಗಿನ ಒಂದು ಪ್ರೆಸ್ಸಿಗೆ. ಮಾಲೀಕರು ಚಂಬಣ್ಣನವರು. ಮೊಳೆ ಜೋಡಿಸುವವರು ಫಕ್ಕೀರಪ್ಪನವರು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿರುವ ನಮ್ಮ ಮುಖಗಳನ್ನು ಮನೆಮಕ್ಕಳಂತೆ ಬಲ್ಲವರಾಗಿದ್ದರು. ನನಗೋ ನನ್ನ ಮುಖವೇ ಕಾಣದು. ಅವರು ನಿಲ್ಲಿಸಿದಲ್ಲಿ ನಿಲ್ಲುತ್ತಿದ್ದೆ.

ಒಮ್ಮೆ ರೆಬೆಕ್ಕಾ ಎಂಬ ನರ್ಸ್ ತಮ್ಮ ಮದುವೆಯ ಕಾರ್ಡು ಮಾಡಿಸಲು ಬಂದರು. ಹೆಸರಿನ ಎರಡನೆಯ ಅಕ್ಷರವಾಗಿ ಫಕ್ಕೀರಪ್ಪನವರು ನನ್ನನ್ನು ನಿಲ್ಲಿಸಿದರು. ಕಾರ್ಡುಗಳೆಲ್ಲ ಅಚ್ಚಾದ ಮೇಲೆ ನೋಡಿದರೆ ನನ್ನ ಜಾಗದಲ್ಲಿ ‘ಸಿ’ ಇತ್ತು!

ಚಂಬಣ್ಣನವರು ರೇಗಿದರು. “ಫಕ್ಕೀರಪ್ಪ, ನಿಮ್ಮ ಕಣ್ಣು ಪೂರಾ ಹೋಗ್ಯಾವು. ನಾಳಿಂದ ಬರಬ್ಯಾಡ್ರಿ.”

“ಇ ಖಾನೇದಾಗಿಂದನ ತಗದಿದ್ನೆಲ್ರೀ ಸಾಹುಕಾರ್ರ...” ಎಂದರು ಫಕ್ಕೀರಪ್ಪ. ಆದರೆ ಅವರ ದನಿಯಲ್ಲೇ ನಂಬಿಕೆ ಇರಲಿಲ್ಲ. ಕಣ್ಣುಜ್ಜಿಕೊಂಡರು. ನನಗೆ ಏನೂ ತಿಳಿಯಲಿಲ್ಲ. ನಾನು ‘ಇ’ ತಾನೆ?

ಕಾರ್ಡು ಒಯ್ಯಲು ಬಂದಿದ್ದ ರೆಬೆಕ್ಕಾ, “ಸ್ವಲ್ಪ ತಡೀರಿ. ಆ ಮೊಳಿ ತೋರಸ್ರಿ,” ಎಂದರು. ಥರ್ಮಾಮೀಟರಿನ ಗೀಟು ನೋಡಿ ಪಳಗಿದ ಕಣ್ಣು ಅವರದು. ನನ್ನನ್ನು ಬೆಳಕಿಗೆ ಹಿಡಿದು ಹೇಳಿದರು: “ಇದರ ನಡುವಿನ ಗೀಟು ಮುರದೈತ್ರಿ. ಅವರದೇನೂ ತಪ್ಪಿಲ್ಲ.”

ನನ್ನ ಅಡ್ಡಗೆರೆ ಯಾವಾಗ ಹೋಯಿತೋ ನನಗೇ ಗೊತ್ತಿರಲಿಲ್ಲ. ಚಂಬಣ್ಣನವರು ತಲೆ ತಗ್ಗಿಸಿ, “ತಪ್ಪಾತ್ರಿ,” ಎಂದರು. ನನ್ನನ್ನು ಕರಗಿಸುವ ಡಬ್ಬಿಗೆ ಹಾಕಲು ಹೇಳಿದರು. ಫಕ್ಕೀರಪ್ಪನವರು ಬಿಡಲಿಲ್ಲ. “ಈ ಹೆಸರಿನ ಎರಡು ಸಿ ಒಳಗ ಒಂದು ಸವದೈತ್ರಿ, ಅದರ ಜಾಗಾಕ್ಕ ಇದ ಆಗ್ತೈತಿ,” ಎಂದು, ಕಾರ್ಡು ಮತ್ತೆ ಅಚ್ಚು ಹಾಕುವಾಗ ಅದೇ ಹೆಸರಿನೊಳಗೆ, ಇನ್ನೊಂದು ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಅಂದಿನಿಂದ ನಾನು ‘ಸಿ’ ಖಾನೆಯ ವಾಸಿ. ಅಲ್ಲಿ ಯಾರೂ ನನ್ನನ್ನು ಹೊರಗಿನವನೆಂದು ದೂರಲಿಲ್ಲ. ಆದರೂ ಪ್ರತಿ ಸಲ ಕೈ ಬಂದಾಗ, ಕರೆದದ್ದು ನನ್ನನ್ನೇ ಹೌದೋ ಅಲ್ಲವೋ ಎಂದು ತಬ್ಬಿಬ್ಬಾಗುತ್ತಿದ್ದೆ.

ಆರು ವರ್ಷ ಕಳೆಯಿತು. ಒಂದು ಪುಸ್ತಕದ ಹೆಸರಿನಲ್ಲಿ ಮತ್ತೆ ‘ಇ’ ಇರಬೇಕಾದಲ್ಲಿ ‘ಸಿ’ ಬಂತು. ಈ ಸಲ ಅಲ್ಲಿ ನಿಂತದ್ದು ನನ್ನ ಪಕ್ಕದಲ್ಲಿದ್ದ ಹೊಚ್ಚ ಹೊಸ ‘ಸಿ’. ಚಂಬಣ್ಣನವರು ಅದನ್ನು ಭೂತಗನ್ನಡಿ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

“ಮೊಳಿ ಮುರದೈತೇನ್ರಿ, ಸಾಹುಕಾರ್ರ?” ಎಂದು ಕೇಳಿದರು ಫಕ್ಕೀರಪ್ಪನವರು.

“ಹೂನ್ರಿ, ಮುರದೈತಿ,” ಎಂದರು ಚಂಬಣ್ಣ. ಆ ನಿಷ್ಪಾಪಿ ಅಕ್ಷರವನ್ನು ಕರಗಿಸುವ ಡಬ್ಬಿಗೆ ಹಾಕಿದರು. ಮರುದಿನದಿಂದ ಪ್ರತಿ ಪುಟವನ್ನೂ ತಾವೇ ಕೂತು ತಿದ್ದತೊಡಗಿದರು.

ಈಗ ಪ್ರೆಸ್ಸು ನಿಂತಿದೆ. ಧೂಳು ಹಿಡಿದ ಖಾನೆಯಲ್ಲಿ ನಾನಿದ್ದೇನೆ. ಅಂಗ ಊನವಾದ ನಾನು ಉಳಿದೆ, ಒಂದು ಗೆರೆಯೂ ಮಾಸದ ಅದು ಕರಗಿತು. ಇದು ನ್ಯಾಯವೋ ಅನ್ಯಾಯವೋ ನನಗೆ ಇನ್ನೂ ಬಗೆಹರಿದಿಲ್ಲ. ಫಕ್ಕೀರಪ್ಪನವರು ಮಾತ್ರ ಪ್ರೆಸ್ಸಿನ ಕೊನೆಯ ದಿನದವರೆಗೂ ಕೆಲಸಕ್ಕೆ ಬಂದರು.