ಸ್ಕ್ರೀನ್ ಇದ್ದರೆ ಮಾತ್ರ

ಹೆಣ ಕುಣಿಗೆ ಇಳಿಸುವಷ್ಟರಲ್ಲಿ ಸಾವ್ಕಾರ ಸಂಗನಬಸವ ಜನರನ್ನು ಸರಿಸಿಕೊಂಡು ಮುಂದೆ ಬಂದ. ಮಲ್ಲೇಶನ ಎದೆಯ ಮೇಲೆ ನೀಲಿ ರಟ್ಟಿನ ನೋಟ್‌ಬುಕ್ ಇಟ್ಟು, ಮೇಲೊಂದು ಚೆಂಡುಹೂವಿನ ಹಾರ ಹಾಕಿ ಕೈಮುಗಿದ. ಅವನ ಡ್ರೈವರ್ ಫೋಟೋ ತೆಗೆದ. ಸರಿಯಾಗಿ ಬರಲಿಲ್ಲವೆಂದು ಸಾವ್ಕಾರ ಇನ್ನೊಂದು ತೆಗೆಸಿಕೊಂಡ. ಮಲ್ಲೇಶನ ಹೆಂಡತಿ ನಂದಿನಿ ಕಣ್ಣೊರೆಸಿಕೊಂಡು ಆ ನೋಟ್‌ಬುಕ್ಕನ್ನೇ ನೋಡಿದಳು.

“ಅವನ ಜೀವಾನ ಈ ಬುಕ್ಕಿನ್ಯಾಗಿತ್ತು, ಯವ್ವಾ. ಅವನ ಜೋಡಿನ ಹೋಗ್ಲಿ,” ಎಂದ ಸಾವ್ಕಾರ.

“ನಿಮ್ದು ದೊಡ್ಡ ಮನಸ್ಸು, ಯಪ್ಪಾ,” ಎಂದಳು ಮಲ್ಲೇಶನ ತಾಯಿ ಮುದುಕಮ್ಮ. ಸತ್ತವರಿಗೆ ಮೆಚ್ಚಾದದ್ದನ್ನು ಅವರ ಜೊತೆಗೇ ಹುಗಿಯುವುದು ಆ ಮನೆತನದ ಪದ್ಧತಿ. ಅವಳ ಗಂಡನ ಕುಣಿಯಲ್ಲೂ ಎಲೆಅಡಿಕೆ ಚೀಲ ಇಟ್ಟಿದ್ದರು.

ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ! ಸಿಂಧನೂರಿನಲ್ಲಿ ಸಂಗನಬಸವನ ಕಾರ್ಖಾನೆ. ಬೆಂಕಿಯ ಕಾವಿನಲ್ಲಿ ಭತ್ತ ಒಣಗಿಸುವ ಯಂತ್ರಗಳಿಗೆ ಕಂಟ್ರೋಲ್ ಪೆಟ್ಟಿಗೆ ಮಾಡುತ್ತಾರೆ. ಪೆಟ್ಟಿಗೆಯೊಳಗೆ ಓಡುವ ಕರ್ನಲ್ ಎಂಬ ಮೂಲ ಸಾಫ್ಟ್‌ವೇರ್ ಮಲ್ಲೇಶನ ಕೆಲಸ. ಅದಕ್ಕಾಗಿ ಹನ್ನೊಂದು ವರ್ಷ ಮಸ್ಕಿಯಿಂದ ದಿನಾ ಬಸ್ಸು ಹತ್ತಿದ. ಅಷ್ಟು ವರ್ಷದಲ್ಲಿ ಅವನ ಓಣಿಗೆ ಕಾಲಿಡದ ಸಾವ್ಕಾರ ಇವತ್ತು ಹಾರ ತಂದಿದ್ದ.

*

ಹೋದ ಭಾನುವಾರ ನಂದಿನಿ ರೊಟ್ಟಿ ಬಡಿಯುವಾಗ ಮಲ್ಲೇಶ ಒಲೆಯ ಮುಂದೆ ಬಂದು ಕೂತಿದ್ದ.

“ಕರ್ನಲ್ ಕಟ್ಟೂ ಮುಂದ ಇದು ಬೇಕು, ಇದು ಬ್ಯಾಡ ಅಂತ ಒಂದು ಪಟ್ಟಿ ಇರ್ತೈತಿ. ಬೇಕು ಅಂದಿದ್ದಷ್ಟ ಒಳಗ ಹೋಗ್ತೈತಿ. ಪೆಟ್ಟಿಗಿ ಹ್ಯಾಂಗ್ ಆದ್ರ ಬೆಂಕಿ ಆರಿಸೋ ಕಾವಲು ಕೋಡ್‌ಗೆ ‘ಸ್ಕ್ರೀನ್ ಇದ್ರ ಮಾತ್ರ’ ಅಂತ ಷರತ್ತು ನಾನ ಹಾಕಿದ್ದೆ. ಹಳೇ ಬೋರ್ಡಿನ್ಯಾಗ ಸ್ಕ್ರೀನೂ ಕಾವಲೂ ಒಂದಾ ಚಿಪ್ಪಿನ್ಯಾಗಿದ್ವು.”

“ಈಗೇನಾತು?”

“ಹೊಸಾ ಬೋರ್ಡಿಗೆ ಆ ಷರತ್ತು ಬೇಕಾಗಿದ್ದಿಲ್ಲ. ನಾ ತೆಗೀಲಿಲ್ಲ. ಸಾವ್ಕಾರ ಖರ್ಚು ಉಳಸಾಕ ಸ್ಕ್ರೀನ್ ಬ್ಯಾಡ ಅಂದ. ಕಾವಲೂ ಅದರ ಹಿಂದ ಸುಮ್ನ ಹೋಗೇತಿ. ರೊಟ್ಟಿ ಬ್ಯಾಡ ಅಂದ್ರ ನೀ ಚಟ್ನಿ ಕುಟ್ಟೂದೂ ಬಿಡ್ತಿ ನೋಡು, ಹಂಗ. ಕಂಪ್ಯೂಟರಿನ್ಯಾಗ ತಪ್ಪು ಅಂತ ಒಂದು ಸಾಲೂ ಬರ್ಲಿಲ್ಲ.”

ಕಾವಲಿಲ್ಲದ ಪೆಟ್ಟಿಗೆ ಮೂವತ್ತೊಂದು ಮಿಲ್ಲುಗಳಿಗೆ ಹೋಗಿತ್ತು. ಅಷ್ಟೂ ಮಿಲ್ಲುಗಳ ಹೆಸರು ತನ್ನ ನೀಲಿ ನೋಟ್‌ಬುಕ್ಕಿನಲ್ಲಿ ಬರೆದು, ತಪ್ಪು ತನ್ನದೆಂದು ಕೆಳಗೆ ರುಜು ಹಾಕಿ, ಸಾವ್ಕಾರನ ಮುಂದೆ ಇಟ್ಟಿದ್ದ. “ಸುಗ್ಗಿ ಮುಗಿಯೂಮಟ ಬಾಯಿ ಮುಚ್ಕೊಂಡಿರು” ಎಂದು ಸಾವ್ಕಾರ ನೋಟ್‌ಬುಕ್ಕನ್ನು ತನ್ನ ಟೇಬಲ್ಲಿನೊಳಗೆ ಹಾಕಿಕೊಂಡಿದ್ದ.

“ಜವಳಗೇರಾ ಮಿಲ್ಲಿನ ಕರೀಂಸಾಬ್ ಯಂತ್ರದ ಮಗ್ಗಲಾಗ ಮಲಗ್ತಾನ,” ಎಂದು ಮಲ್ಲೇಶ ರೊಟ್ಟಿ ಮುಟ್ಟದೆ ಎದ್ದ. ನಾಲ್ಕನೆಯ ದಿನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

*

ಹೆಣ ಕುಣಿಗೆ ಇಳಿಯಿತು. “ಮಣ್ಣು ಕೊಡ್ರಿ,” ಎಂದ ಮಲ್ಲೇಶನ ಚಿಕ್ಕಪ್ಪ ಅಂಬಪ್ಪ.

“ತಡೀರಿ,” ಎಂದಳು ನಂದಿನಿ. “ಆ ಬುಕ್ ಮ್ಯಾಲ ತೆಗೀರಿ.”

ಸಂಗನಬಸವ ಅವಳ ಕಿವಿಯ ಹತ್ತಿರ ಬಗ್ಗಿದ. ಅವನ ಅತ್ತರು ಮೂಗಿಗೆ ಅಡರಿತು. “ವಿಚಾರ ಮಾಡು, ತಂಗಿ. ಅದರಾಗಿರೋದು ನಿನ್ನ ಗಂಡನ ತಪ್ಪು, ಅವನ ರುಜು. ನಾಳೆ ಊರು ಅವನ ಹೆಸರಿಗೆ ಉಗುಳ್ತೈತಿ. ನಾ ಅವನ ಮಾನ ಮುಚ್ಚಾಕತ್ತೀನಿ.”

ಒಂದು ಗಳಿಗೆ ಅವಳಿಗೂ ಹೌದೆನ್ನಿಸಿತು. ಹಾಗೆನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಕುಣಿಯ ಆಚೆ ದಡದಲ್ಲಿ, ಪಾಳಿ ಮುಗಿಸಿ ನೇರ ಬಂದ ಕರೀಂಸಾಬ್ ನಿಂತಿದ್ದ. ತಲೆಯ ಮೇಲೆ ಇನ್ನೂ ತೌಡಿನ ಧೂಳು, ಮುಷ್ಟಿಯಲ್ಲಿ ಮಣ್ಣು.

“ಥೂ!” ಎಂದವಳೇ ನಂದಿನಿ ಕುಣಿಯೊಳಗೆ ಇಳಿದಳು. ಹಾರ ಕಿತ್ತೆಸೆದು ನೋಟ್‌ಬುಕ್ ತೆಗೆದುಕೊಂಡಳು.

“ಹೆಣದ ಮ್ಯಾಲಿಂದು ತೆಗೀಬಾರದ ಬೇ!” ಮುದುಕಮ್ಮ ಚೀರಿದಳು.

“ನಿಮ್ಮ ಮಗ ಇದನ್ನ ಹುಗಿಯಾಕ ಅಂತ ಬರೆದಿಲ್ಲ, ಅತ್ತಿ.”

ಮೇಲೆ ಹತ್ತಿ, ಕರೀಂಸಾಬನ ಮುಂದೆ ಪುಟ ಬಿಚ್ಚಿ ಹಿಡಿದಳು. “ನಿಮ್ಮ ಮಿಲ್ಲೂ ಐತಿ ನೋಡ್ರಿ ಕಾಕಾ. ಪೆಟ್ಟಿಗಿ ನಿಂತ್ರ ಬೆಂಕಿ ತಾನಾ ಆರಂಗಿಲ್ಲ. ತಪ್ಪು ನಮ್ಮವರ್ದು. ಈಗಿಂದೀಗ ಬಂದ್ ಮಾಡಸ್ರಿ.”

ಕರೀಂಸಾಬ್ ಸಾವ್ಕಾರನನ್ನು ನೋಡಿದ. ಸಾವ್ಕಾರ ಡ್ರೈವರನನ್ನು ಹುಡುಕುತ್ತಿದ್ದ. ಕರೀಂಸಾಬ್ ಎಡಗೈಯಿಂದಲೇ ಫೋನ್ ತೆಗೆದು ಮಿಲ್ಲಿಗೆ ಹಚ್ಚಿದ. “ವೆಂಕೋಬಾ, ಬೆಂಕಿ ಆರಸು. ಯಾಕ ಅಂತ ಆಮ್ಯಾಲ ಹೇಳ್ತೀನಿ. ಆರಸು ಮೊದಲ.”

ಅತ್ತಲಿಂದ “ಆರ್ತು, ಕಾಕಾ” ಎಂಬ ದನಿ ಕೇಳಿದ ಮೇಲೆ ಅವನು ಕುಣಿಯತ್ತ ಬಾಗಿ ಬಲಮುಷ್ಟಿ ಬಿಚ್ಚಿದ.