ಕೊರಳಲ್ಲಿ ರಬ್ಬರು ಕಟ್ಟಿಕೊಂಡಾಕೆ

ಆಕೆಯ ಕೊರಳಿನಿಂದ ಕಪ್ಪು ದಾರದಲ್ಲಿ ಇಳಿಬಿದ್ದಿದ್ದ ಬಿಳಿಯ ತುಂಡನ್ನು ಮೊದಲ ಸಲ ಕಂಡಾಗ ನಾನು ತಾಯಿತವೆಂದೇ ತಿಳಿದೆ. ಹವಾಮಾನ ಕಚೇರಿಯ ಹಿರಿಯ ವಿಜ್ಞಾನಿ, ಕಡಲ ಮೇಲೆ ಹುಟ್ಟುವ ಪ್ರತಿಯೊಂದು ಸುಳಿಗಾಳಿಯ ಜಾತಕ ಬರೆಯುವವರು, ಸ್ವತಃ ತಾಯಿತ ಕಟ್ಟಿಕೊಂಡು ಓಡಾಡುತ್ತಾರೆ ಎಂದರೆ, ವಾರಕ್ಕೊಂದು ಹಾಸ್ಯಲೇಖನ ಗೀಚಿ ಪತ್ರಿಕೆಯ ಮೂಲೆ ತುಂಬಿಸುವ ನನ್ನಂಥವನಿಗೆ ಅದು ಕೇಳದೆ ಸಿಕ್ಕ ವರ. ಮನಸ್ಸಿನಲ್ಲೇ ಎರಡು ವಾಕ್ಯ ಹೊಸೆದೂ ಆಗಿತ್ತು. ಅಷ್ಟರಲ್ಲಿ ಆಕೆ ಮೇಜಿನ ಮೇಲೆ ಹಾಸಿದ್ದ ಕಡಲ ನಕಾಶೆಯತ್ತ ಬಾಗಿ, ಆ ತಾಯಿತವನ್ನು ಎರಡು ಬೆರಳಲ್ಲಿ ಹಿಡಿದು, ತಾವೇ ಎಳೆದಿದ್ದ ಗೆರೆಯೊಂದನ್ನು ಪರಪರನೆ ಉಜ್ಜಿ ಅಳಿಸಿ, ಪುಡಿಯನ್ನು ಉಫ್ ಎಂದು ಊದಿದರು. ಶಾಲೆಯ ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುತ್ತದಲ್ಲ, ಅದೇ ರಬ್ಬರು.

"ಕೊರಳಿಗೆ ಯಾಕೆ ಕಟ್ಕೊಂಡಿದ್ದೀರಿ?" ಎಂದೆ.

"ಈ ಆಫೀಸಲ್ಲಿ ಪೆನ್ಸಿಲ್ ಯಾರೂ ಕದಿಯೋಲ್ಲ" ಎಂದರು ತಲೆಯೆತ್ತದೆ. "ಕಾಣೆಯಾಗೋದು ರಬ್ಬರೇ."

ಬೆನ್ನ ಹಿಂದೆ ಎಲ್ಲರೂ ಅವರನ್ನು ರಬ್ಬರಮ್ಮ ಎನ್ನುತ್ತಿದ್ದರು, ಎದುರಿಗೆ ಮೇಡಂ. ಗಿಡ್ಡ ದೇಹ, ಒಂದು ಮಗ್ಗುಲಿಗೆ ಭಾರ ಹೇರಿದ ದೋಣಿಯಂತೆ ತುಸು ಎಡಕ್ಕೆ ವಾಲುವ ನಡಿಗೆ. ಕೋಣೆಯಲ್ಲಿ ಕಡಲಿನತ್ತ ತೆರೆಯುವ ವಿಶಾಲವಾದ ಕಿಟಕಿಯಿತ್ತು; ಹೊರಗಿನಿಂದ ಬಂದವರೆಲ್ಲ ಮೊದಲು ಅದರ ಬಳಿ ಓಡಿ ಮೋಡ ನೋಡುತ್ತ ನಿಂತರೆ, ಆಕೆ ಮಾತ್ರ ಅದಕ್ಕೆ ಬೆನ್ನು ಮಾಡಿಯೇ ಕೂರುವುದು. "ಕಿಟಕೀಲಿ ಕಾಣೋದು ನಮ್ಮ ಬೀದಿ ಮಳೆ. ನನಗೆ ಸಂಬಳ ಕೊಡೋದು ಬೇರೆಯವರ ಬೀದಿ ಮಳೆಗೆ" ಎಂಬುದು ಅವರ ಸಮಜಾಯಿಷಿ. ಯಂತ್ರಗಳಿಗೆಂದು ಸದಾ ತಣ್ಣಗಿಟ್ಟಿರುತ್ತಿದ್ದ ಆ ಕೋಣೆಯಲ್ಲಿ ಅವರ ಮೈಮೇಲೆ ಬೇಸಿಗೆಯಲ್ಲೂ ಇಟ್ಟಿಗೆ ಬಣ್ಣದ ಒಂದು ಉಣ್ಣೆಯ ಸ್ವೆಟರು. ಅದರ ಬಲತೋಳು ಎಡತೋಳಿಗಿಂತ ಗೇಣುದ್ದ ಹೆಚ್ಚು. ಹೆಣೆದವರು ಅವರ ಅಕ್ಕ. ಮೊದಲ ತೋಳು ಹೆಣೆಯುವಾಗ ಭಾವನ ಮೇಲೆ ಸಿಟ್ಟಿತ್ತಂತೆ, ಕೈ ಬಿಗಿಯಾಯಿತು. ಎರಡನೆಯ ತೋಳಿನ ಹೊತ್ತಿಗೆ ರಾಜಿಯಾಗಿತ್ತು.

ಇನ್ನೊಂದು ವೈಚಿತ್ರ್ಯವನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಚಂಡಮಾರುತ ಬಲಿತಷ್ಟೂ ಆಕೆ ನಿಧಾನವಾಗುತ್ತಿದ್ದರು. ಉಳಿದವರು ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡುವಾಗ ಅವರ ಮಾತಿನ ನಡುವೆ ಬಿಡುವು ಬೆಳೆಯುತ್ತಿತ್ತು, ಹೆಜ್ಜೆ ಕಿರಿದಾಗುತ್ತಿತ್ತು, ಚಹದ ಲೋಟ ತುಟಿಗೆ ತಲುಪಲು ಯುಗ ಹಿಡಿಯುತ್ತಿತ್ತು. "ಅಮ್ಮ ಮೆಲ್ಲಗೆ ನಡೆದ್ರೆ ನಾನು ಮನೆಗೆ ಫೋನ್ ಮಾಡಿ ಒಣಗೋಕೆ ಹಾಕಿರೋ ಬಟ್ಟೆ ತೆಗೀರಿ ಅಂತೀನಿ" ಎಂದು ರೇಡಾರು ನೋಡಿಕೊಳ್ಳುತ್ತಿದ್ದ ಬೋಳುತಲೆಯ ಹಿರಿಯ ಹೇಳುತ್ತಿದ್ದ. ಎಂಥ ಬಿರುಗಾಳಿಯಲ್ಲೂ ಒಂದು ಚಟಾಕಿ ಹಾರಿಸದೆ ಬಿಡುವ ಆಸಾಮಿಯಲ್ಲ ಅವನು.

ಆಕೆಯ ಕೋಣೆಗೊಂದು ಪದ್ಧತಿಯಿತ್ತು. ಚಂಡಮಾರುತದ ಕಣ್ಣು, ಅಂದರೆ ಸುತ್ತ ಪ್ರಳಯವಾಗುತ್ತಿದ್ದರೂ ನಟ್ಟನಡುವೆ ತಣ್ಣಗೆ ಕೂತಿರುವ ಆ ಬಯಲು, ಎಲ್ಲಿದೆಯೆಂಬುದು ಉಪಗ್ರಹದ ಚಿತ್ರದಲ್ಲಿ ಎಲ್ಲರಿಗೂ ಒಂದೇ ತರಹ ಕಾಣುವುದಿಲ್ಲ. ಆದ್ದರಿಂದ ಪಾಳಿಯಲ್ಲಿದ್ದ ಪ್ರತಿಯೊಬ್ಬರೂ ಒಂದೊಂದು ತೆಳು ಪಾರದರ್ಶಕ ಹಾಳೆ ಹಿಡಿದು, ಪರೀಕ್ಷೆಗೆ ಕೂತ ಮಕ್ಕಳಂತೆ ಪಕ್ಕದವರಿಗೆ ಕೈಯಡ್ಡ ಇಟ್ಟುಕೊಂಡು, ಕಣ್ಣಿಗೊಂದು ಗುರುತು ಹಾಕಿ, ಅದು ದಡ ಮುಟ್ಟುವ ದಾರಿಗೊಂದು ಗೆರೆ ಎಳೆಯಬೇಕು. ಆಮೇಲೆ ಕೆಳಗಿನಿಂದ ದೀಪ ಬೆಳಗುವ ಗಾಜಿನ ಮೇಜಿನ ಮೇಲೆ ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡುವುದು. ಕಂಪ್ಯೂಟರು ಬಂದು ಎಷ್ಟು ಕಾಲವಾದರೂ ಅವರು ಇದನ್ನು ಬಿಡಲಿಲ್ಲ. ಈ ಕಸುಬಿನವರಿಗೆ ಒಂದು ಕಾಯಿಲೆಯಿದೆಯೆಂದು ಅವರೇ ಹೇಳುತ್ತಿದ್ದರು: ನಿನ್ನೆ ಒಂದು ಊರಿನ ಹೆಸರು ಹೇಳಿದ ಮೇಲೆ ಇಂದು ಯಾವ ಚಿತ್ರ ನೋಡಿದರೂ ಗಾಳಿ ಆ ಊರಿನತ್ತಲೇ ಹೋಗುತ್ತಿರುವಂತೆ ಕಾಣುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊರಳ ರಬ್ಬರು ಆ ಕಾಯಿಲೆಗೆ ಮದ್ದು.

ಮತ್ತೊಂದು ಕಟ್ಟುಪಾಡನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಮುರಿದವರನ್ನು ಆಕೆ ಮಾತಾಡಿಸುತ್ತಿರಲಿಲ್ಲ. ಪ್ರಕಟಣೆ ಹೊರಬೀಳುವ ಮುನ್ನ ಮನೆಯವರಿಗೆ ಏನನ್ನೂ ಹೇಳಕೂಡದು. ಹಿಂದೊಮ್ಮೆ ಅಲ್ಲಿನ ಗುಮಾಸ್ತನೊಬ್ಬ ಅರ್ಧ ಕೇಳಿಸಿಕೊಂಡ ಮಾತನ್ನು ಮಾವನ ಮನೆಗೆ ಫೋನ್ ಮಾಡಿ ತಿಳಿಸಿದ. ಮಾವ ಬೀದಿಗೆ ಹೇಳಿದ, ಬೀದಿ ಊರಿಗೆ ಹೇಳಿತು, ಇಡೀ ಊರು ಗಂಟುಮೂಟೆ ಕಟ್ಟಿಕೊಂಡು ಗಾಳಿ ಬರುವ ದಿಕ್ಕಿಗೇ ಹೊರಟು ದಾರಿಯಲ್ಲಿ ಸಿಕ್ಕಿಬಿತ್ತು. ಅಂದಿನಿಂದ ಅವರ ಮಾತು ಒಂದೇ: "ಮೊದಲು ಎಲ್ರಿಗೂ, ಆಮೇಲೆ ನಮ್ಮವರಿಗೆ."

ಆ ಕಟ್ಟುಪಾಡು ಅವರ ಕೊರಳಿಗೇ ಉರುಳಾಗಿ ಬಂದ ಮಧ್ಯಾಹ್ನ ನಾನು ಅಲ್ಲಿದ್ದೆ. ನಮ್ಮ ಪತ್ರಿಕೆಯ ವರದಿಗಾರರೆಲ್ಲ ಬಡಗಣ ಬಂದರಿಗೆ ಓಡಿದ್ದರಿಂದ, ಉಳಿದಿದ್ದ ಒಂದೇ ಲೇಖನಿಯನ್ನು ಸಂಪಾದಕರು ಹವಾಮಾನ ಕಚೇರಿಗೆ ಅಟ್ಟಿದ್ದರು. ಚಂಡಮಾರುತ ದಡ ಮುಟ್ಟುವುದು ಬಡಗಣ ಬಂದರಿನಲ್ಲಿ ಎಂದು ಹಿಂದಿನ ದಿನ ಬರೆದವರು ರಬ್ಬರಮ್ಮನೇ. ಅದನ್ನು ಅಂದು ಬೆಳಗ್ಗೆ ಟೀವಿಯ ಮುಂದೆ ಸಾರಿದವರು ಕಚೇರಿಯ ಮುಖ್ಯಸ್ಥರಾದ ಸಾಹೇಬರು. ಕ್ಯಾಮೆರಾಕ್ಕೆಂದೇ ಕಪಾಟಿನಲ್ಲಿಟ್ಟಿದ್ದ ಕೆಂಪು ಟೈ ಬಿಗಿದು, "ಎಳ್ಳಷ್ಟೂ ಸಂದೇಹವಿಲ್ಲ" ಎಂದಿದ್ದರು, ಗಾಳಿಯು ಖುದ್ದಾಗಿ ಬಂದು ಅವರ ಬಳಿ ಅಪ್ಪಣೆ ಪಡೆದು ಹೋಗಿತ್ತೋ ಎಂಬಂತೆ. ಬಸ್ಸುಗಳೆಲ್ಲ ಬಡಗಣಕ್ಕೆ ಹೋಗಿದ್ದವು. ಅಲ್ಲಿನವರು ಶಾಲೆಗಳಲ್ಲಿ ಆಸರೆ ಪಡೆದಿದ್ದರು. ಕೆಲವರು ತೆಂಕಣ ಅಳಿವೆಯಲ್ಲಿದ್ದ ನೆಂಟರ ಮನೆ ಸೇರಿದ್ದರು.

ತೆಂಕಣ ಅಳಿವೆಯೆಂದರೆ ನದಿಗೂ ಕಡಲಿಗೂ ನಡುವಿನ ಮರಳುದಿಬ್ಬದ ಮೇಲೆ ಕೂತ ಬೆಸ್ತರ ಊರು. ಆಚೆಗೆ ಬರಲು ಇರುವುದು ತಗ್ಗಾದ ಒಂದೇ ಸೇತುವೆ; ಕಡಲು ಉಬ್ಬಿದರೆ ಮೊದಲು ಮುಳುಗುವುದು ಅದೇ. ಸ್ವೆಟರು ಹೆಣೆದ ಅಕ್ಕ ಇರುವುದು ಅಲ್ಲಿ. ಭಾವನಿಗೆ ದೋಣಿ ರಿಪೇರಿ ಕೆಲಸ.

ನಡುಹಗಲಿನ ಚಿತ್ರ ಬಂದಾಗ, ಹಿಂದಿನ ದಿನ ಮಬ್ಬಾಗಿ ಹರಡಿಕೊಂಡಿದ್ದ ಕಣ್ಣು ಬಳೆಯಂತೆ ದುಂಡಗೆ ತೆರೆದಿತ್ತು. ಅದು ಹಾಗೆ ಕಣ್ಣು ಬಿಟ್ಟಿತೆಂದರೆ ಬಲಿತಿತೆಂದೇ ಅರ್ಥ. ಅಷ್ಟೇ ಅಲ್ಲ, ನಡೆಯುತ್ತಿದ್ದುದು, ದಾರಿ ಬದಲಿಸುವ ಮುನ್ನ ಯೋಚಿಸುವವರಂತೆ, ನಿಂತಂತಿತ್ತು. ಬೋಳುತಲೆಯ ಹಿರಿಯ ಪರದೆ ನೋಡಿದ, ಚಟಾಕಿ ಹಾರಿಸಲಿಲ್ಲ. ರಬ್ಬರಮ್ಮ ಎದ್ದು, ಕೋಣೆಯ ಆ ತುದಿಯಿಂದ ಈ ತುದಿಗೆ, ತುಂಬಿದ ಕೊಡ ಹೊತ್ತವರಂತೆ ಮೆಲ್ಲಗೆ ನಡೆದು ಹಾಳೆ ಹಂಚಿದರು. ಎಲ್ಲರೂ ಕೈಯಡ್ಡ ಹಿಡಿದು ಗುರುತು ಹಾಕುತ್ತಿರುವಾಗಲೇ ಮೇಜಿನ ಫೋನು ಬಡಿದುಕೊಂಡಿತು. ಅಕ್ಕ. ಆಕೆಯ ದನಿಗೆ ತಂತಿಯ ಹಂಗಿರಲಿಲ್ಲ, ಕೋಣೆಗೆಲ್ಲ ಕೇಳುತ್ತಿತ್ತು.

"ಲೇ, ಊರೋರೆಲ್ಲ ನಮ್ಮನೆ ಬಾಗಿಲಲ್ಲಿ ನಿಂತಿದ್ದಾರೆ ಕಣೇ. ಗಾಳಿ ಬಡಗಣಕ್ಕೆ ತಾನೆ? ನಿನ್ನ ತಂಗೀನೇ ಕೇಳು ಅಂತಾರೆ."

ಬಡಗಣಕ್ಕಲ್ಲ ಎಂದು ರಬ್ಬರಮ್ಮನ ಹಾಳೆ ಹೇಳುತ್ತಿತ್ತು. ಆದರೆ ಅದು ಒಂದು ಹಾಳೆಯ ಮಾತು, ಪ್ರಕಟಣೆಯಲ್ಲ.

"ರೇಡಿಯೋ ಹಾಕ್ಕೊಂಡಿರು ಅಕ್ಕ."

"ರೇಡಿಯೋ ಯಾಕೆ? ನಿನಗೆ ಬಾಯಿಲ್ವ?"

"ಫೋನ್ ಇಡ್ಬೇಡ. ಹಾಗೇ ಹಿಡ್ಕೊಂಡಿರು."

ಆಮೇಲೆ ಆಕೆ ಮಾಡಿದ್ದನ್ನು ನಾನು ಮರೆಯಲಾರೆ. ಸ್ವೆಟರು ಕಳಚಿ, ರಿಸೀವರನ್ನು ಅದರ ನಡುವೆ ಮಲಗಿಸಿ, ಎಳೆಗೂಸನ್ನು ಸುತ್ತಿದಂತೆ ಸುತ್ತಿ, ಉದ್ದ ತೋಳಿನಿಂದ ಒಂದು ಗಂಟು ಹಾಕಿ ಮೇಜಿನ ಮೇಲಿಟ್ಟರು. ಇಲ್ಲಿಯ ಮಾತು ಅಲ್ಲಿಗೆ ಕೇಳಕೂಡದು. ಅಲ್ಲಿಯ ಮಾತು ಮಾತ್ರ ಉಣ್ಣೆಯೊಳಗಿಂದ ಗೊಣಗೊಣ ಬರುತ್ತಲೇ ಇತ್ತು.

ಹಾಳೆಗಳನ್ನು ಪೇರಿಸುವ ಹೊತ್ತಿಗೆ ಸಾಹೇಬರು ಬಂದರು. ಗುರುತುಗಳು ಗುಂಪಾಗಿದ್ದವು, ಗೆರೆಗಳೆಲ್ಲ ತೆಂಕಣಕ್ಕೆ ವಾಲಿದ್ದವು. ಸಾಹೇಬರು ಟೈ ಸಡಿಲಿಸಿದರು.

"ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಹೇಳಿದ್ರೆ ಜನ ನಗ್ತಾರೆ ಮೇಡಂ."

"ನಗಲಿ ಸಾರ್. ನಗೋಕೆ ಇರ್ಬೇಕಲ್ಲ ಅವರು."

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ಸುಮ್ಸುಮ್ನೆ ಎರಡೂ ಕಡೆಯವರನ್ನ ಎಬ್ಬಿಸಿದ್ರೆ, ಮುಂದಿನ ಸಲ ತೋಳ ಬಂತು ಅಂದ್ರೂ ಯಾರೂ ಏಳೋಲ್ಲ. ಮುಂದಿನ ಚಿತ್ರ ಬರ್ಲಿ, ನೋಡೋಣ."

"ಚಿತ್ರ ಬರುತ್ತೆ. ಅದರ ಹಿಂದೇನೇ ನೀರೂ ಬರುತ್ತೆ. ಸೇತುವೆ ಕಾಯೋಲ್ಲ."

ಸಾಹೇಬರು ಮೂರ್ಖರಲ್ಲ, ತೋಳದ ಮಾತು ಸುಳ್ಳೂ ಅಲ್ಲ. ಅವರು ದನಿ ತಗ್ಗಿಸಿ, ಸ್ವೆಟರಿನ ಗಂಟಿನತ್ತ ಕಣ್ಣು ಹಾಯಿಸಿ, ಕೇಳಬಾರದ್ದನ್ನು ಕೇಳಿಯೇಬಿಟ್ಟರು: "ನಿಮ್ಮ ಅಕ್ಕ ಇರೋದು ಅಲ್ಲೇ ಅಲ್ವಾ?"

ಉಣ್ಣೆಯೊಳಗೆ ಪಾತ್ರೆಯೊಂದು ಬಿದ್ದ ಸದ್ದು, ಯಾರನ್ನೋ ಗದರಿದ ಸದ್ದು. ಆಕೆಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಆ ಪ್ರಶ್ನೆಯನ್ನು ಆಕೆ ತಮಗೆ ತಾವೇ ಆಗಲೇ ಕೇಳಿಕೊಂಡಿದ್ದರೆಂದು ಮುಖ ಹೇಳುತ್ತಿತ್ತು: ಈ ಪೆನ್ಸಿಲನ್ನು ತೆಂಕಣಕ್ಕೆ ಎಳೆದದ್ದು ಗಾಳಿಯೋ, ಕರುಳೋ? ಆಕೆ ಪೇರಿಸಿದ್ದ ಹಾಳೆಗಳಿಂದ ತಮ್ಮದನ್ನು ಎಳೆದು ತೆಗೆದು, ಮಡಚಿ, ಬುಟ್ಟಿಗೆ ಹಾಕಿದರು.

"ನನ್ನದು ಬಿಡಿ ಸಾರ್. ಇವರದ್ದು ನೋಡಿ. ಇದೂ ಸಾಲದಿದ್ರೆ..." ಖಾಲಿ ಹಾಳೆಯೊಂದನ್ನು, ಒಂದು ಪೆನ್ಸಿಲನ್ನು ಅವರತ್ತ ಸರಿಸಿದರು. "ನೀವೂ ಒಂದು ಹಾಕಿ."

ಸಾಹೇಬರು ಬರೀ ಸಹಿ ಹಾಕುತ್ತ ಬಂದು ಎಷ್ಟೋ ವರ್ಷಗಳಾಗಿದ್ದವು. ಪೆನ್ಸಿಲ್ ಹಿಡಿದು, ದೀಪದ ಮೇಜಿಗೆ ಬೆನ್ನು ಮಾಡಿ ಉಪಗ್ರಹದ ಚಿತ್ರದ ಮುಂದೆ ಕೂತರು. ಕೈಯಡ್ಡ ಹಿಡಿದರು. ಹಳೆಯ ಅಭ್ಯಾಸ ಕೈಗೆ ಮರಳಿ ಬರುವುದನ್ನು, ಹುದ್ದೆಯ ಗತ್ತು ಭುಜದಿಂದ ಕಳಚಿ ಅವರು ಮತ್ತೆ ಬರಿಯ ಒಬ್ಬ ನೋಡುವವರಾಗುವುದನ್ನು ನಾನು ಕಣ್ಣಾರೆ ಕಂಡೆ. ಬಹಳ ಹೊತ್ತು ನೋಡಿ, ಗುರುತು ಹಾಕಿ, ಗೆರೆ ಎಳೆದು, ಹಾಳೆಯನ್ನು ತಾವೇ ತಂದು ಉಳಿದವುಗಳ ಮೇಲಿಟ್ಟರು. ಎಲ್ಲಕ್ಕಿಂತ ತೆಂಕಣಕ್ಕಿದ್ದದ್ದು ಅವರದೇ.

ಸಾಹೇಬರು ಅದನ್ನು ನೋಡಿದರು. ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು, "ಎಲ್ಲಿ, ಸಹಿ ಎಲ್ಲಿ ಹಾಕ್ಬೇಕು?" ಎಂದರು.

ಪ್ರಕಟಣೆ ಜಿಲ್ಲಾ ಕಚೇರಿಗೆ, ರೇಡಿಯೋಗೆ, ಬಂದರುಗಳಿಗೆ ಹೋಯಿತು. ಎಲ್ಲ ಕಡೆಯಿಂದಲೂ 'ತಲುಪಿತು' ಎಂಬ ಉತ್ತರ ಬರುವವರೆಗೆ ಆಕೆ ನಿಂತೇ ಇದ್ದರು. ಆಮೇಲೆ ಸ್ವೆಟರಿನ ಗಂಟು ಬಿಚ್ಚಿದರು.

"ಅಕ್ಕ, ಇದ್ದೀಯಾ?"

"ಇರದೆ ಎಲ್ಲಿ ಹೋಗ್ಲಿ? ನೀನೇ ಇಡ್ಬೇಡ ಅಂದ್ಯಲ್ಲ! ಕಿವಿ ಕಾದು ಹೆಂಚಾಯ್ತು."

ಆಕೆ ಪ್ರಕಟಣೆಯನ್ನು ಓದಿದರು: ಅತಿ ತೀವ್ರ ಸ್ವರೂಪ, ತೆಂಕಣ ಅಳಿವೆಯ ಆಸುಪಾಸು, ಸಂಜೆಯ ಹೊತ್ತಿಗೆ.

"ನಿನ್ನ ಪುರಾಣ ಆಮೇಲೆ ಓದು. ಹೊರಡ್ಬೇಕಾ, ಬೇಡ್ವಾ?"

"ಹೊರಡು. ಬಾಗಿಲಲ್ಲಿರೋರನ್ನೂ ಹೊರಡ್ಸು. ಈಗ್ಲೇ."

"ನಿಮ್ಮ ಭಾವ ದೋಣಿ ಬಿಟ್ಟು ಬರೋ ಪೈಕಿ ಅಲ್ಲ."

"ದೋಣಿ ಕಟ್ಟಿ ಬರೋಕೆ ಹೇಳು. ತನ್ನನ್ನೂ ಅದಕ್ಕೆ ಕಟ್ಕೋಬೇಡ ಅನ್ನು."

ಬಡಗಣದ ಬಸ್ಸುಗಳು ತೆಂಕಣಕ್ಕೆ ತಿರುಗಿದವು. ಬಸ್ಸಿಗೆ ಕಾಯದವರು ಲಾರಿ, ಸೈಕಲ್ಲು, ಕಾಲುನಡಿಗೆ ಹಿಡಿದರು. ಕೊನೆಯ ಲಾರಿ ದಾಟುವಾಗ ಸೇತುವೆಯ ಮೇಲೆ ಮೊಣಕಾಲುದ್ದ ನೀರಿತ್ತೆಂದು ಆಮೇಲೆ ತಿಳಿಯಿತು. ಆ ಲಾರಿಯಲ್ಲಿ ಭಾವನಿದ್ದರು. ಸಂಜೆ ಗಾಳಿ ದಡ ಮುಟ್ಟಿತು. ಮರಳುದಿಬ್ಬದ ಮೇಲೆ ನಿಂತಿದ್ದ ಮನೆಗಳಲ್ಲಿ ಮಾಡು ಉಳಿದದ್ದು ಅಪರೂಪ. ಆದರೆ ಮನೆಗಳಲ್ಲಿ ಯಾರೂ ಇರಲಿಲ್ಲ.

ಸನ್ಮಾನ ನಡೆದಿರಬಹುದೆಂದು ಓದುಗರು ಊಹಿಸಿದರೆ ಅದು ಅವರ ಒಳ್ಳೆಯತನ. ತಮ್ಮನ್ನು ವೃಥಾ ಶಾಲೆಯ ಬೆಂಚಿನ ಮೇಲೆ ಮಲಗಿಸಿದರೆಂದು ಬಡಗಣದವರು ಪ್ರತಿಭಟನೆ ಮಾಡಿದರು. ನಮ್ಮ ಪತ್ರಿಕೆಯೇ 'ಬೆಳಗ್ಗೆ ಬಡಗಣ, ಮಧ್ಯಾಹ್ನ ತೆಂಕಣ' ಎಂದು ದಪ್ಪಕ್ಷರದಲ್ಲಿ ಕುಟುಕಿತು. ಮನೆಯ ಮಾಡು ಕಟ್ಟುವವರೆಗೆ ತಂಗಿಯ ಮನೆಯಲ್ಲೇ ಉಳಿದ ಅಕ್ಕ, "ಬೆಳಗ್ಗೇನೇ ನೆಟ್ಟಗೆ ಹೇಳಿದ್ರೆ ಪಾತ್ರೆನಾದ್ರೂ ತರ್ತಿದ್ದೆ" ಎಂದು ಪ್ರತಿ ಊಟದಲ್ಲೂ ನೆನಪಿಸಿದರಂತೆ. ರಬ್ಬರಮ್ಮ ಇದಕ್ಕೆ ಎದುರಾಡಲಿಲ್ಲ. "ಅವಳು ಹೇಳೋದು ಸರಿ ತಾನೆ" ಎಂದರು. ಸ್ವೆಟರಿನ ಉದ್ದ ತೋಳು ಆ ಗಂಟಿನಿಂದ ಇನ್ನಷ್ಟು ಹಿಗ್ಗಿತ್ತು.

ನುಡಿದದ್ದನ್ನು ಉಳಿಸಿಕೊಳ್ಳುವವರನ್ನು ನಾವು ದೊಡ್ಡವರೆನ್ನುತ್ತೇವೆ; ಶಿಲೆಯಲ್ಲಿ ಕೊರೆದ ಮಾತೆಂದು ಹೊಗಳುತ್ತೇವೆ. ಶಿಲೆ ಸತ್ತವರ ನೆನಪಿಗೆ ಒಳ್ಳೆಯದು. ಬದುಕಿರುವವರ ಮೇಲೆ ಗಾಳಿ ತಿರುಗಿ ಬರುತ್ತಿರುವಾಗ ಬೇಕಾಗುವವರು ಬೇರೆ ಜಾತಿಯವರು: ನಿನ್ನೆಯ ತಮ್ಮ ಅಕ್ಷರವನ್ನು ಎಲ್ಲರೆದುರಿಗೆ ಉಜ್ಜಿ, ಪುಡಿಯನ್ನು ಊದಿ, ಆ ಮಾಸಿದ ಜಾಗದ ಮೇಲೆಯೇ ಮತ್ತೆ ಬರೆಯುವವರು. ಅವರು ಸಂಖ್ಯೆಯಲ್ಲಿ ಕಡಿಮೆ, ಕೀರ್ತಿಯಲ್ಲಿ ಇನ್ನೂ ಕಡಿಮೆ. ಒಂದು ಸಲ ತಪ್ಪಿದವರೆಂದೇ ಲೋಕ ಅವರನ್ನು ಗುರುತಿಸುತ್ತದೆ, ಏಕೆಂದರೆ ತಪ್ಪಿದ್ದು ಅವರೇ ಹೇಳಿದ್ದರಿಂದ ತಿಳಿಯಿತು.

ಇಷ್ಟೆಲ್ಲ ತತ್ತ್ವ ಹೊಳೆದದ್ದು ಆಮೇಲೆ. ಅಂದು ಸಂಜೆ, ಕಿಟಕಿಯ ಗಾಜು ಗಡಗಡ ನಡುಗುತ್ತಿದ್ದರೂ ಅದಕ್ಕೆ ಬೆನ್ನು ಮಾಡಿ ಆಕೆ ಚಹದ ಲೋಟವನ್ನು ನಿಧಾನವಾಗಿ ತುಟಿಗೆ ಒಯ್ಯುತ್ತಿದ್ದಾಗ, ನನಗೆ ಹೊಳೆದದ್ದು ಒಂದು ಪೆದ್ದು ಪ್ರಶ್ನೆ.

"ಅಲ್ಲ ಮೇಡಂ, ಈ ಎರಡನೇದೂ ತಪ್ಪಾಗಿದ್ದಿದ್ರೆ ಏನ್ಮಾಡ್ತಿದ್ರಿ?"

ಆಕೆ ಚಹ ಗುಟುಕರಿಸಿದರು. ಕೊರಳ ದಾರ ಸರಿಮಾಡಿಕೊಂಡರು.

"ಮೂರನೇದು ಬರೀತಿದ್ದೆ."